ಅಮ್ಮನ ಎದೆಯುರಿ, ಹುಳಿತೇಗು: ಗ್ಯಾಸ್ಟ್ರಿಕ್ ಮಾತ್ರೆ ಸಾಕೇ, ಪರೀಕ್ಷೆ ಬೇಕೇ?

ಹೊಸನಗರದ ಮಗಳು

ಅಮ್ಮನಿಗೆ ಅರವತ್ತೆರಡು ವರ್ಷ. ಹೊಸನಗರ ತಾಲ್ಲೂಕಿನ ಒಳಭಾಗದ ಊರು ನಮ್ಮದು. ಅಡಿಕೆ ಸುಲಿಯುವ ಕಾಲ ಶುರುವಾದಂದಿನಿಂದ ಅವರಿಗೆ ಎದೆಯ ನಡುವೆ ಉರಿ. ಮಲಗಿದ ಮೇಲೆ ಬಾಯಿಗೆ ಹುಳಿನೀರು ಬರುತ್ತದೆ, ಬೆಳಗಿನ ಜಾವ ಕೆಮ್ಮು ಎಬ್ಬಿಸುತ್ತದೆ. ಪೇಟೆಯಿಂದ ತಂದ ಗ್ಯಾಸ್ಟ್ರಿಕ್ ಮಾತ್ರೆಯನ್ನು ಉರಿ ಬಂದಾಗ ನುಂಗುತ್ತಾರೆ, ಇಲ್ಲದ ದಿನ ಬಿಡುತ್ತಾರೆ. ಪಟ್ಟಿಯ ಮೇಲೆ ಪ್ಯಾಂಟೊಪ್ರಜೋಲ್ ಮತ್ತು ಡಾಂಪೆರಿಡೋನ್ ಎಂದಿದೆ. ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ ತೆಗೆದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ಇಲ್ಲ.

ನೆಂಟರಲ್ಲಿ ಒಬ್ಬರು ಕೂಡಲೇ ಎಂಡೋಸ್ಕೋಪಿ (ಬಾಯಿಯಿಂದ ನಳಿಕೆ ಇಳಿಸಿ ಅನ್ನನಾಳ, ಜಠರ ನೋಡುವ ಪರೀಕ್ಷೆ) ಮಾಡಿಸಿ ಎನ್ನುತ್ತಾರೆ. ಇನ್ನೊಬ್ಬರು, ಈ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಮೂತ್ರಪಿಂಡ ಹಾಳಾಗುತ್ತದೆ ಎಂದು ಹೆದರಿಸಿದ್ದಾರೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕೆಂದರೆ ಅಮ್ಮನಿಗೆ ಒಂದು ದಿನದ ಕೆಲಸ ಕೆಡುತ್ತದೆ ಎಂಬ ಚಿಂತೆ. ಯಾವುದರಿಂದ ಪ್ರಾರಂಭಿಸಬೇಕು?

ನಿವೃತ್ತ ಶುಶ್ರೂಷಕಿ, ಸಾಗರ

ಎಂಡೋಸ್ಕೋಪಿಯ ಮಾತು ಆಮೇಲೆ. ಮೊದಲು ಹೃದಯದ ಅನುಮಾನ ಕಳೆಯಬೇಕು.

ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಅಮ್ಮ ತೋಟದಿಂದ ಮನೆಗೆ ಏರುವಾಗ ಎದೆ ಉರಿಯುತ್ತದೆಯೇ, ಹಿಡಿದಂತಾಗುತ್ತದೆಯೇ, ನಿಂತು ದಣಿವಾರಿಸಿಕೊಂಡರೆ ಕಡಿಮೆಯಾಗುತ್ತದೆಯೇ ಎಂದು ಬಿಡಿಸಿ ಕೇಳಿ. ಹಾಗಿದ್ದರೆ ಅದು ಹೊಟ್ಟೆಯ ಆಮ್ಲಕ್ಕಿಂತ ಹೃದಯದ ರಕ್ತನಾಳದ ತೊಂದರೆಯಾಗಿರುವ ಸಾಧ್ಯತೆ ಹೆಚ್ಚು. ಊಟವಾದ ಮೇಲೆ, ಬಗ್ಗಿ ಕೆಲಸ ಮಾಡುವಾಗ, ಅಂಗಾತ ಮಲಗಿದಾಗ ಬರುವ ಉರಿ ಸಾಮಾನ್ಯವಾಗಿ ಆಮ್ಲದ್ದು. ಆದರೆ ಈ ವ್ಯತ್ಯಾಸ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. ವಯಸ್ಸಾದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತವೂ ಬರಿಯ ಎದೆಯುರಿ, ವಾಕರಿಕೆ, ಸುಸ್ತಾಗಿ ಕಾಣಿಸಿಕೊಳ್ಳಬಹುದು. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಇಸಿಜಿ ಮಾಡಿಸಿ, ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಇದಕ್ಕೆ ಶಿವಮೊಗ್ಗದವರೆಗೆ ಹೋಗುವ ಅಗತ್ಯವಿಲ್ಲ.

ಎದೆನೋವಿನ ಜೊತೆ ತಣ್ಣನೆಯ ಬೆವರು, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ಉಸಿರಿನ ಕಷ್ಟ ಇದ್ದರೆ ಜೀರಿಗೆ ನೀರು ಕುಡಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಮಳೆಗಾಲದ ರಾತ್ರಿ, ಮರ ಬಿದ್ದ ರಸ್ತೆ, ಬೆಳಗಾಗಲಿ ನೋಡೋಣ ಎನ್ನುವ ನಿರ್ಧಾರ: ಈ ಸರಣಿಯಲ್ಲಿ ಜೀವ ಹೋದದ್ದನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹಾಗಾಗಿಯೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ತೋಟದ ಮನೆ, ಸಿದ್ದಾಪುರ ರಸ್ತೆ

ಸುಲಿಯುವ ಕಾಲದಲ್ಲೇ ಶುರುವಾಯಿತು ಎಂದಿರಿ, ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ನಮ್ಮ ಮನೆಯ ಹೆಂಗಸರದೂ ಇದೇ ಕಥೆ. ಕೊಯ್ದ ಹಸಿ ಅಡಿಕೆಯನ್ನು ಬೇಯಿಸಲು ತಡಮಾಡುವಂತಿಲ್ಲ. ಮೆಟ್ಟುಗತ್ತಿಯ ಮುಂದೆ ಸಂಜೆಯಿಂದ ಬಗ್ಗಿ ಕುಳಿತವರು ಏಳುವುದು ನಡುರಾತ್ರಿಗೆ. ನಡುನಡುವೆ ನಿದ್ದೆ ತಡೆಯಲು ಕಾಫಿ, ಚಹಾ, ಎಲೆಯಡಿಕೆ. ಕೆಲಸ ಮುಗಿದ ಮೇಲೆ ಹಸಿವು ತಾಳಲಾರದೆ ಹೊಟ್ಟೆತುಂಬ ಅನ್ನ, ಮಿಡಿ ಉಪ್ಪಿನಕಾಯಿ, ತಕ್ಷಣ ಹಾಸಿಗೆ. ಗಂಡಸರು ಈ ಪಾಳಿಯನ್ನು ಹಂಚಿಕೊಳ್ಳದಿದ್ದರೆ ಯಾವ ಮಾತ್ರೆ ಎಷ್ಟು ಕೆಲಸ ಮಾಡೀತು?

ವೈದ್ಯ, ಶಿವಮೊಗ್ಗ

ಮೇಲಿನ ಇಬ್ಬರೂ ಮುಖ್ಯವಾದದ್ದನ್ನೇ ಹೇಳಿದ್ದಾರೆ. ನೋಡದೆ ರೋಗನಿರ್ಣಯ ಮಾಡಲಾರೆ. ಆದರೆ ಸಾಮಾನ್ಯವಾಗಿ ನಾವು ಹೇಗೆ ಯೋಚಿಸುತ್ತೇವೆ ಎಂಬುದನ್ನು ವಿವರಿಸುತ್ತೇನೆ.

ಅನ್ನನಾಳ ಜಠರವನ್ನು ಸೇರುವಲ್ಲಿ ಒಂದು ಸ್ನಾಯುವಿನ ಬಿಗಿತ ಇರುತ್ತದೆ. ನುಂಗುವಾಗ ಸಡಿಲಗೊಳ್ಳುತ್ತದೆ, ಉಳಿದ ಹೊತ್ತು ಮುಚ್ಚಿರುತ್ತದೆ. ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ಸ್ನಾಯುಪೊರೆಯಾದ ವಪೆಯೂ ಸುತ್ತಲಿದ್ದು ಅದಕ್ಕೆ ಆಸರೆ. ಜಠರ ತುಂಬಿ ಹಿಗ್ಗಿದಾಗ ಈ ಸ್ನಾಯು ಆಗಾಗ ತಾನಾಗಿ ಸಡಿಲಗೊಳ್ಳುತ್ತದೆ, ಆಗ ಆಮ್ಲ ಮೇಲೆ ಬರುತ್ತದೆ. ಎಲ್ಲರಿಗೂ ಸ್ವಲ್ಪ ಬರುತ್ತದೆ; ಪದೇಪದೇ ಬಂದು ತೊಂದರೆ ಕೊಟ್ಟರೆ ಅಥವಾ ಅನ್ನನಾಳವನ್ನು ಗಾಯಗೊಳಿಸಿದರೆ ಅದು ರೋಗ. ಹೊಟ್ಟೆಯ ಸುತ್ತಳತೆ ಹೆಚ್ಚಾದಾಗ, ಗರ್ಭಿಣಿಯರಲ್ಲಿ, ಬಗ್ಗಿ ಕೂತಾಗ ಒಳಗಿನ ಒತ್ತಡ ಏರುತ್ತದೆ. ಜಠರದ ಮೇಲ್ಭಾಗ ವಪೆಯ ರಂಧ್ರದ ಮೂಲಕ ಎದೆಯೊಳಗೆ ಸರಿದಿದ್ದರೆ, ಅಂದರೆ ಹಯಾಟಸ್ ಹರ್ನಿಯಾ ಇದ್ದರೆ, ಆ ಆಸರೆಯೂ ತಪ್ಪುತ್ತದೆ. ಮಲಗಿದಾಗ ಗುರುತ್ವವೂ ನೆರವಿಗೆ ಬರುವುದಿಲ್ಲ, ನಿದ್ದೆಯಲ್ಲಿ ಜೊಲ್ಲು ನುಂಗುವುದೂ ಕಡಿಮೆ. ರಾತ್ರಿಯ ಆಮ್ಲ ಹೆಚ್ಚು ಹಾನಿ ಮಾಡುವುದು ಇದಕ್ಕೇ.

ಎದೆಯುರಿ ಮತ್ತು ಹುಳಿನೀರು ಎರಡೂ ಇದ್ದು, ಅಪಾಯದ ಲಕ್ಷಣಗಳಿಲ್ಲದಿದ್ದರೆ ಪರೀಕ್ಷೆಯಿಲ್ಲದೆಯೇ ಎಂಟು ವಾರ ಮಾತ್ರೆ ಕೊಟ್ಟು ನೋಡುತ್ತೇವೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಎಲ್ಲವೂ ಒಂದೇ ಗುಂಪಿನವು. ಈ ಮಾತ್ರೆ ಎದೆಯುರಿ ಬಂದಾಗ ನುಂಗುವಂಥದ್ದಲ್ಲ. ಜಠರದ ಕೋಶಗಳಲ್ಲಿ ಆಮ್ಲ ಹೊರಹಾಕುವ ಪಂಪುಗಳು ಎಚ್ಚೆತ್ತು ಕೆಲಸ ಮಾಡುತ್ತಿರುವಾಗ ಮಾತ್ರ ಔಷಧ ಅವುಗಳಿಗೆ ಅಂಟಿಕೊಂಡು ನಿಲ್ಲಿಸಬಲ್ಲದು. ಪಂಪುಗಳನ್ನು ಎಬ್ಬಿಸುವುದು ಊಟ. ಹಾಗಾಗಿ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ, ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ಪೂರ್ಣ ಪರಿಣಾಮ ಕಾಣಲು ಕೆಲವು ದಿನ ಬೇಕು. ನಿಮ್ಮ ತಾಯಿಯವರಂತೆ ಬಿಟ್ಟುಬಿಟ್ಟು ತೆಗೆದುಕೊಂಡವರಲ್ಲಿ 'ಮಾತ್ರೆ ನಾಟಲಿಲ್ಲ' ಎಂಬ ತೀರ್ಮಾನಕ್ಕೆ ಬರುವಂತಿಲ್ಲ, ಏಕೆಂದರೆ ಔಷಧವನ್ನು ನಿಜವಾಗಿ ಪರೀಕ್ಷಿಸಿಯೇ ಇಲ್ಲ.

ನುಂಗಿದ್ದು ಸಿಕ್ಕಿಕೊಳ್ಳುವುದು, ನುಂಗುವಾಗ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ರಕ್ತವಾಂತಿ, ಕಪ್ಪು ಮಲ, ನಿಲ್ಲದ ವಾಂತಿ: ಇವುಗಳಲ್ಲಿ ಒಂದಿದ್ದರೂ ಮಾತ್ರೆಯ ಪ್ರಯೋಗಕ್ಕೆ ಕಾಯದೆ ಎಂಡೋಸ್ಕೋಪಿ ಮಾಡಿಸಬೇಕು. ಹಿಮೋಗ್ಲೋಬಿನ್ ನೋಡಿಸಿ ಎಂದು ಸಾಗರದವರು ಹೇಳಿದ್ದರ ಮಹತ್ವ ಇದು.

ಆಮ್ಲೊಡಿಪಿನ್ ಅನ್ನನಾಳದ ಕೆಳತುದಿಯ ಆ ಸ್ನಾಯುವನ್ನು ಸಡಿಲಿಸಬಲ್ಲ ಗುಂಪಿಗೆ ಸೇರಿದ ಔಷಧ. ನೀವಾಗಿ ನಿಲ್ಲಿಸಬೇಡಿ, ಆದರೆ ಬದಲಿಸುವ ಅಗತ್ಯವಿದೆಯೇ ಎಂದು ಕೊಟ್ಟವರನ್ನು ಕೇಳಿ.

ಔಷಧ ಅಂಗಡಿ, ತೀರ್ಥಹಳ್ಳಿ

ಡಾಂಪೆರಿಡೋನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಜನ ಹೆಚ್ಚಾಗಿ ಕೇಳಿ ಪಡೆಯುವುದು ಈ ಜೋಡಿ ಮಾತ್ರೆಯನ್ನೇ. ಡಾಂಪೆರಿಡೋನ್ ವಾಂತಿ, ವಾಕರಿಕೆಗೆ ಇರುವ ಔಷಧ. ಅದು ಹೃದಯದ ಲಯ ತಪ್ಪಿಸಬಹುದು ಎಂಬ ಕಾರಣಕ್ಕೆ ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಅದನ್ನು ವಾಂತಿ, ವಾಕರಿಕೆಗೆ ಸೀಮಿತಗೊಳಿಸಿತು. ಎದೆಯುರಿಗೆ ಬೇಡ, ಬಳಸಿದರೂ ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಡ ಎಂದಿತು. ಅರವತ್ತು ದಾಟಿದವರು ವರ್ಷಗಟ್ಟಲೆ ಅದನ್ನು ನುಂಗುವುದು ನನಗೆ ಆತಂಕದ ವಿಷಯ. ಇನ್ನೊಂದು ಜೋಡಿ ಲೆವೊಸಲ್ಪಿರೈಡ್ ಇರುವುದು. ಹಿರಿಯರಲ್ಲಿ ಅದರಿಂದ ಕೈನಡುಕ, ನಡಿಗೆ ನಿಧಾನವಾಗುವುದು, ಮುಖದಲ್ಲಿ ಭಾವವೇ ಇಲ್ಲದಂತಾಗುವುದು ಕಂಡುಬರುತ್ತದೆ. ಮನೆಯವರು ಅದನ್ನು ವಯಸ್ಸಿನ ಲಕ್ಷಣ ಎಂದುಕೊಳ್ಳುತ್ತಾರೆ. ಪಟ್ಟಿಯ ಹಿಂದಿನ ಸಣ್ಣ ಅಕ್ಷರವನ್ನು ದಯವಿಟ್ಟು ಓದಿ.

ಆಮ್ಲ ಕಡಿಮೆ ಮಾಡುವ ಇನ್ನೊಂದು ಗುಂಪಿನ ರಾನಿಟಿಡಿನ್ ಅನ್ನು ಈಗಲೂ ಕೇಳುವವರಿದ್ದಾರೆ. ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶದ ಕಾರಣಕ್ಕೆ ಅಮೆರಿಕದಲ್ಲಿ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಹೇಳಲಾಯಿತು. ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದ 2022ರಲ್ಲಿ ಕೈಬಿಡಲಾಯಿತು. ಆ ಗುಂಪಿನದೇ ಬೇಕಿದ್ದರೆ ಫ್ಯಾಮೊಟಿಡಿನ್ ಇದೆ, ವೈದ್ಯರನ್ನು ಕೇಳಿ.

ಕೊಪ್ಪದ ಮೇಷ್ಟರು

ನನ್ನ ಪ್ರಶ್ನೆ ಬೇರೆ. ಎಂಡೋಸ್ಕೋಪಿ ಮಾಡಿಸಿದೆ. ಗಂಟಲಿಗೆ ಔಷಧ ಸಿಂಪಡಿಸಿದರು, ಕೆಲವೇ ನಿಮಿಷದ ಕೆಲಸ, ಹೆದರಿದಷ್ಟು ಕಷ್ಟವಿರಲಿಲ್ಲ. ವರದಿಯಲ್ಲಿ ಅನ್ನನಾಳ ಸಹಜ ಎಂದು ಬಂತು. ಆದರೆ ಉರಿ ಹಾಗೆಯೇ ಇದೆ. ಮನೆಯವರು ಈಗ ನನ್ನನ್ನು ನಂಬುತ್ತಿಲ್ಲ.

ವೈದ್ಯ, ಶಿವಮೊಗ್ಗ

ಮನೆಯವರಿಗೆ ಇದನ್ನು ಓದಿಸಿ. ಆಮ್ಲದ ಹಿಮ್ಮುಖ ಹರಿವಿನಿಂದ ಬಳಲುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಎಂಡೋಸ್ಕೋಪಿ ಸಹಜವಾಗಿಯೇ ಇರುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಪರೀಕ್ಷೆ ಮಾಡಿಸಿದ್ದರೆ ಇದ್ದ ಗಾಯವೂ ಮಾಗಿರಬಹುದು. ರೋಗ ಖಚಿತಪಡಿಸಲು ಮಾಡುವ ಎಂಡೋಸ್ಕೋಪಿಗೆ ಮುಂಚೆ, ಸಾಧ್ಯವಿದ್ದರೆ ಎರಡರಿಂದ ನಾಲ್ಕು ವಾರ ಮಾತ್ರೆ ನಿಲ್ಲಿಸುವುದು ಒಳ್ಳೆಯದು.

ಮುಂದಿನ ಹೆಜ್ಜೆ 24 ಗಂಟೆಗಳ ಪಿಎಚ್ ಪರೀಕ್ಷೆ. ಮೂಗಿನ ಮೂಲಕ ತೆಳುವಾದ ನಳಿಕೆ ಇಳಿಸಿ, ದಿನದಲ್ಲಿ ಎಷ್ಟು ಹೊತ್ತು ಅನ್ನನಾಳದಲ್ಲಿ ಆಮ್ಲ ಇತ್ತು ಎಂದು ಅಳೆಯುತ್ತಾರೆ. ಒಟ್ಟು ಸಮಯದ ಶೇ 4ಕ್ಕಿಂತ ಕಡಿಮೆ ಇದ್ದರೆ ಸಹಜ, ಶೇ 6ಕ್ಕಿಂತ ಹೆಚ್ಚಿದ್ದರೆ ರೋಗ ಖಚಿತ, ನಡುವೆ ಬಂದರೆ ಬೇರೆ ಅಂಶಗಳನ್ನು ನೋಡಿ ತೀರ್ಮಾನಿಸುತ್ತಾರೆ. ಈ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ, ನಿಮ್ಮ ಕಡೆಯವರಿಗೆ ಮಣಿಪಾಲ ಅಥವಾ ಬೆಂಗಳೂರು. ಆಮ್ಲ ಸಹಜವಾಗಿದ್ದೂ ಉರಿ ಇದ್ದರೆ ಅನ್ನನಾಳದ ನರಗಳ ಸೂಕ್ಷ್ಮತೆ ಹೆಚ್ಚಿದೆ ಎಂದರ್ಥ. ಅದು ನಟನೆಯಲ್ಲ, ಅದಕ್ಕೆ ಬೇರೆ ಔಷಧಗಳಿವೆ. ಆಮ್ಲದ ಮಾತ್ರೆಯನ್ನು ದುಪ್ಪಟ್ಟು ಮಾಡುತ್ತಾ ಹೋಗುವುದು ಮಾತ್ರ ಉತ್ತರವಲ್ಲ.

ಒಂದು ಎಚ್ಚರಿಕೆ: ಅನ್ನವೂ ನೀರೂ ಎದೆಯಲ್ಲಿ ನಿಂತಂತಾಗಿ, ಗಂಟೆಗಳ ನಂತರ ಜೀರ್ಣವಾಗದ ಆಹಾರ ಬಾಯಿಗೆ ಬರುವುದಾದರೆ ಅದು ಅಕಲೇಷಿಯಾ ಇರಬಹುದು. ಕೆಳಗಿನ ಸ್ನಾಯು ತೆರೆಯದೇ ಇರುವ ಕಾಯಿಲೆ ಅದು. ನಮ್ಮಲ್ಲಿ ಎಷ್ಟೋ ಜನ ಆಮ್ಲದ ರೋಗ ಎಂದುಕೊಂಡು ಅದಕ್ಕೆ ತಪ್ಪು ಚಿಕಿತ್ಸೆ ಪಡೆಯುತ್ತಾರೆ.

ಅಜ್ಜಿಯ ಮೊಮ್ಮಗ

ಇಷ್ಟೆಲ್ಲ ಬೇಕೇ? ಒಂದು ಚಮಚ ಅಡುಗೆ ಸೋಡಾ ನೀರಿಗೆ ಹಾಕಿ ಕುಡಿದರೆ ಕ್ಷಣದಲ್ಲಿ ಶಮನ. ಒಂದೆಲಗದ ತಂಬುಳಿ, ಜೀರಿಗೆ ಕಷಾಯ, ತಣ್ಣನೆಯ ಹಾಲು. ನಮ್ಮ ಹಿರಿಯರು ಹೀಗೆಯೇ ಬದುಕಿದರು.

ನಿವೃತ್ತ ಶುಶ್ರೂಷಕಿ, ಸಾಗರ

ತಂಬುಳಿಗೆ ನನ್ನ ಆಕ್ಷೇಪವಿಲ್ಲ, ಹೊಂದಿದರೆ ಧಾರಾಳವಾಗಿ ಉಣ್ಣಿ. ಸೋಡಾಕ್ಕೆ ಆಕ್ಷೇಪವಿದೆ. ಅದರ ತುಂಬ ಸೋಡಿಯಂ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ದಿನವೂ ಕುಡಿಯುವಂಥದ್ದಲ್ಲ. ಪೊಟ್ಟಣದಲ್ಲಿ ಬರುವ ನೊರೆ ಉಪ್ಪುಗಳೂ ಹಾಗೆಯೇ. ಹಾಲು ಸ್ವಲ್ಪ ಹೊತ್ತು ತಂಪು ಕೊಡುತ್ತದೆ, ಆಮೇಲೆ ಅದೇ ಜಠರವನ್ನು ಇನ್ನಷ್ಟು ಆಮ್ಲ ಸ್ರವಿಸಲು ಪ್ರಚೋದಿಸುತ್ತದೆ. ಕಾಳುಮೆಣಸು, ಶುಂಠಿ ಜಜ್ಜಿದ ಖಾರದ ಕಷಾಯ ಗಾಯವಾದ ಅನ್ನನಾಳಕ್ಕೆ ಇನ್ನಷ್ಟು ಉರಿ. ತಾತ್ಕಾಲಿಕ ಶಮನ ಬೇಕಿದ್ದರೆ ಊಟದ ನಂತರ ಆಲ್ಜಿನೇಟ್ ಇರುವ ದ್ರವ ಒಳ್ಳೆಯದು. ಅದು ಜಠರದ ಆಹಾರದ ಮೇಲೆ ತೆಪ್ಪದಂತೆ ತೇಲಿ ಆಮ್ಲವನ್ನು ತಡೆಯುತ್ತದೆ.

ಹಿರಿಯರು ಹೀಗೆ ಬದುಕಿದರು ಎಂಬುದಕ್ಕೆ ಒಂದೇ ಮಾತು. ಅವರು ದೀಪ ಹಚ್ಚುವ ಹೊತ್ತಿಗೆ ಉಂಡು ಮುಗಿಸುತ್ತಿದ್ದರು.

ವರದಾ ತೀರ, ಸೊರಬ

ಇನ್ನೊಂದು ಕಾರಣವನ್ನು ನಮ್ಮ ಊರಿನವರಿಗಾಗಿ ಬರೆಯಬೇಕು. ಗದ್ದೆಯ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರದ ಚಿಕಿತ್ಸೆಗೆ, ಕೆಲವೊಮ್ಮೆ ಮುನ್ನೆಚ್ಚರಿಕೆಗೂ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ ಕೊಡುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗ ಅದನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿಬಿಟ್ಟ. ಮರುದಿನ ಎದೆಯಲ್ಲಿ ಚಾಕು ಇರಿದಂಥ ನೋವು, ಎಂಜಲು ನುಂಗಲೂ ಆಗದು. ಗುಳಿಗೆ ಅನ್ನನಾಳದಲ್ಲೇ ಅಂಟಿ ಕರಗಿ ಹುಣ್ಣು ಮಾಡಿತ್ತು. ಒಂದು ಪೂರ್ಣ ಲೋಟ ನೀರು ಕುಡಿಯಬೇಕು, ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಔಷಧ ಅಂಗಡಿ, ತೀರ್ಥಹಳ್ಳಿ

ಬಹಳ ಸರಿ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್‌ಗೂ ಇದೇ ನಿಯಮ. ಮಂಡಿನೋವಿಗೆ ದಿನವೂ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಸೋರುವುದೂ ಉಂಟು. ಹೊಸನಗರದವರೇ, ಅಮ್ಮನಿಗೆ ಮಂಡಿನೋವಿನ ಮಾತ್ರೆ ಇದೆಯೇ? ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಅವು ಬಹಳ ಹೋಗುತ್ತವೆ.

ಹೊಸನಗರದ ಮಗಳು

ಇದೆ. ಬಿಡಿಬಿಡಿಯಾಗಿ ತೆಗೆದುಕೊಳ್ಳುತ್ತಾರಂತೆ, ನನಗೆ ತಿಳಿದಿರಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದೆವು. ಇಸಿಜಿ ಸಹಜವಾಗಿದೆ, ಗುಡ್ಡ ಹತ್ತುವಾಗ ನೋವಿಲ್ಲ ಎಂದು ಅಮ್ಮ ಖಚಿತವಾಗಿ ಹೇಳಿದರು. ಆದರೆ ಹಿಮೋಗ್ಲೋಬಿನ್ 9.1 ಇದೆ. ಶಿವಮೊಗ್ಗದಲ್ಲಿ ಎಂಡೋಸ್ಕೋಪಿ ಮಾಡಿಸಲು ಬರೆದುಕೊಟ್ಟಿದ್ದಾರೆ. ಕೊಯ್ಲು ಮುಗಿಯಲಿ ಎಂದು ಅಮ್ಮ ಹಟ ಹಿಡಿದಿದ್ದಾರೆ.

ತೋಟದ ಮನೆ, ಸಿದ್ದಾಪುರ ರಸ್ತೆ

ಅಡಿಕೆ ಕಾಯಲಿ. ಸುಲಿಯಲು ಕೂಲಿಯವರನ್ನು ಕರೆಯಿರಿ, ಯಂತ್ರ ಬಾಡಿಗೆಗೆ ತನ್ನಿ, ಅಕ್ಕಪಕ್ಕದವರಲ್ಲಿ ಮುಯ್ಯಾಳು ಕೇಳಿ. ಅಮ್ಮನನ್ನು ಈ ವಾರವೇ ಕರೆದುಕೊಂಡು ಹೋಗಿ.

ವೈದ್ಯ, ಶಿವಮೊಗ್ಗ

ಹೌದು. ರಕ್ತಹೀನತೆ ಇರುವಾಗ ಕಾಯುವಂತಿಲ್ಲ. ನೋವಿನ ಮಾತ್ರೆಯನ್ನು ಈಗಲೇ ನಿಲ್ಲಿಸಿ, ಅದರ ವಿಷಯ ಎಂಡೋಸ್ಕೋಪಿ ಮಾಡುವವರಿಗೆ ಹೇಳಿ. ಕನಿಷ್ಠ ಆರು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ ಬೇರೆಡೆಯಲ್ಲಾಗಲಿ ಹೋಗುವ ಮುಂಚೆ ಯಾವ ದಿನ ಮಾಡುತ್ತಾರೆ ಎಂದು ವಿಚಾರಿಸಿಕೊಳ್ಳಿ, ಒಂದೇ ದಿನದಲ್ಲಿ ಮುಗಿಯುತ್ತದೆ.

ಹೆಸರು ಬೇಡ

ಎಲೆಯಡಿಕೆಯ ಬಗ್ಗೆ ಮೇಲೆ ಒಂದು ಮಾತು ಬಂದು ಹೋಯಿತು, ಅಲ್ಲಿಗೇ ಬಿಡಬಾರದು. ನಾನೂ ಬೆಳೆಗಾರ, ನಮ್ಮ ಮನೆ ನಡೆಯುವುದೇ ಅಡಿಕೆಯಿಂದ. ಆದರೂ ಹೇಳಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರ ವರದಿಯಲ್ಲಿಯೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ವಾದ ನಡೆಯುತ್ತಲೇ ಇದೆ. ವಾದ ಏನೇ ಇರಲಿ, ಹೊಗೆಸೊಪ್ಪು ಸೇರಿಸಿ ಕವಳ ಹಾಕುವವರಿಗೆ ನುಂಗುವಾಗ ಅಡ್ಡಿಯಾದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬೇಡಿ. ನಮ್ಮ ತಂದೆಗೆ ಮೊದಲು ರೊಟ್ಟಿ ಸಿಕ್ಕಿಕೊಳ್ಳುತ್ತಿತ್ತು, ಆಮೇಲೆ ಅನ್ನ, ಕೊನೆಗೆ ಗಂಜಿ. ಅಷ್ಟು ದಿನವೂ ಮನೆಯಲ್ಲಿದ್ದದ್ದು ಆಮ್ಲದ ಮಾತ್ರೆಯ ಡಬ್ಬಿ. ಅದು ಅನ್ನನಾಳದ ಕ್ಯಾನ್ಸರ್ ಆಗಿತ್ತು.

ನಿವೃತ್ತ ಶುಶ್ರೂಷಕಿ, ಸಾಗರ

ಬರೆದದ್ದಕ್ಕೆ ಕೃತಜ್ಞತೆ. ಗಟ್ಟಿ ಆಹಾರದಿಂದ ಶುರುವಾಗಿ ಮೆತ್ತನೆಯದಕ್ಕೂ ಹರಡುವ ಈ ಕ್ರಮವನ್ನು ಇಲ್ಲಿ ಓದುವವರೆಲ್ಲ ನೆನಪಿಟ್ಟುಕೊಳ್ಳಲಿ.

ಹೊಸನಗರದ ಮಗಳು

ಎಂಡೋಸ್ಕೋಪಿ ಆಯಿತು. ಅನ್ನನಾಳದ ಉರಿಯೂತ, ಲಾಸ್ ಏಂಜಲೀಸ್ ಗ್ರೇಡ್ ಸಿ ಎಂದು ಬರೆದಿದ್ದಾರೆ. ಹಯಾಟಸ್ ಹರ್ನಿಯಾ ಇದೆ. ಜಠರದಲ್ಲಿ ಸಣ್ಣ ಸವೆತಗಳಿವೆ. ಹುಣ್ಣು ಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇಲ್ಲ. ಕ್ಯಾನ್ಸರಿನ ಸುಳಿವಿಲ್ಲ. ಬರಿಯ ಪ್ಯಾಂಟೊಪ್ರಜೋಲ್ ಮತ್ತು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಎಂಟು ವಾರದ ನಂತರ ಮತ್ತೆ ಎಂಡೋಸ್ಕೋಪಿ ಎಂದರು. ಏಕೆ ಮತ್ತೊಮ್ಮೆ? ಮೂತ್ರಪಿಂಡದ ಭಯಕ್ಕೆ ಉತ್ತರವೇನು?

ವೈದ್ಯ, ಶಿವಮೊಗ್ಗ

ಎ, ಬಿ, ಸಿ, ಡಿ ಎಂದು ಗಾಯದ ಪ್ರಮಾಣ ಅಳೆಯುತ್ತಾರೆ. ಎ ಎನ್ನುವುದು ಆರೋಗ್ಯವಂತರಲ್ಲೂ ಕಾಣಬಹುದಾದಷ್ಟು ಚಿಕ್ಕದು. ಸಿ ಮತ್ತು ಡಿ ತೀವ್ರ. ಗಾಯ ಮಾಗಿದೆಯೇ, ಅದರ ಅಡಿಯಲ್ಲಿ ಬ್ಯಾರೆಟ್ಸ್ ಎಂಬ, ಮುಂದೆ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗಬಹುದಾದ ಪೊರೆಯ ಬದಲಾವಣೆ ಅಡಗಿದೆಯೇ ಎಂದು ಖಚಿತಪಡಿಸಿಕೊಳ್ಳಲು ಎರಡನೆಯ ಎಂಡೋಸ್ಕೋಪಿ. ದಯವಿಟ್ಟು ತಪ್ಪಿಸಬೇಡಿ.

ಗ್ರೇಡ್ ಸಿ ಇರುವವರು ಮಾತ್ರೆ ನಿಲ್ಲಿಸಿದರೆ ಗಾಯ ಮರಳುವುದು ಬಹಳ ಸಾಮಾನ್ಯ. ಹಾಗಾಗಿ ನಿಮ್ಮ ತಾಯಿಯವರಿಗೆ ದೀರ್ಘಕಾಲ ಬೇಕಾಗಬಹುದು. ಈ ಗುಂಪಿನ ಔಷಧಗಳಿಂದ ಮೂತ್ರಪಿಂಡದ ಉರಿಯೂತ ವಿರಳವಾಗಿ ಆಗುವುದುಂಟು. ಆದರೆ 17 ಸಾವಿರಕ್ಕೂ ಹೆಚ್ಚು ಜನರಲ್ಲಿ ಪ್ಯಾಂಟೊಪ್ರಜೋಲನ್ನು ಸುಮಾರು ಮೂರು ವರ್ಷ ಕೊಟ್ಟು, ಹುಸಿಮಾತ್ರೆಯೊಂದಿಗೆ ಹೋಲಿಸಿ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು ಮಾತ್ರ. ಮೂತ್ರಪಿಂಡದ ಕಾಯಿಲೆ, ಮೂಳೆಮುರಿತ ಹೆಚ್ಚಲಿಲ್ಲ. ಬಹಳ ಕಾಲ ತೆಗೆದುಕೊಳ್ಳುವವರಲ್ಲಿ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು, ಅಗತ್ಯವೆನಿಸಿದಾಗ ಪರೀಕ್ಷಿಸುತ್ತೇವೆ. ನನ್ನ ಮಾತು ಇಷ್ಟು: ಬೇಕಾದವರು ಹೆದರಿ ಬಿಡುವುದು, ಬೇಡದವರು ಅಭ್ಯಾಸದಿಂದ ನುಂಗುವುದು, ಎರಡೂ ನಮ್ಮ ಜಿಲ್ಲೆಯಲ್ಲಿ ನಡೆಯುತ್ತಿದೆ. ಸೌಮ್ಯ ತೊಂದರೆಯವರು ಎಂಟು ವಾರದ ನಂತರ ವೈದ್ಯರ ಸಲಹೆಯಂತೆ ಕಡಿಮೆ ಮಾಡಿ ನಿಲ್ಲಿಸಲು ಪ್ರಯತ್ನಿಸಬೇಕು. ನಿಲ್ಲಿಸಿದ ಮೊದಲ ವಾರಗಳಲ್ಲಿ ಜಠರ ಹೆಚ್ಚು ಆಮ್ಲ ಸ್ರವಿಸಿ ಉರಿ ಮರಳುವುದುಂಟು. ಅಷ್ಟಕ್ಕೇ ರೋಗ ಉಲ್ಬಣಿಸಿತು ಎಂದುಕೊಳ್ಳಬೇಡಿ.

ಇನ್ನು ರಕ್ತಹೀನತೆಗೆ ಹರ್ನಿಯಾ, ನೋವಿನ ಮಾತ್ರೆಯ ಸವೆತ ಕಾರಣವಿರಬಹುದು. ಆದರೂ ಈ ವಯಸ್ಸಿನಲ್ಲಿ ಕಬ್ಬಿಣದ ಕೊರತೆ ಕಂಡರೆ ದೊಡ್ಡ ಕರುಳನ್ನೂ ನೋಡಬೇಕೇ ಎಂದು ಮುಂದಿನ ಭೇಟಿಯಲ್ಲಿ ನೀವಾಗಿಯೇ ಕೇಳಿ. ಹರ್ನಿಯಾಕ್ಕೆ ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ. ಔಷಧದಿಂದ ಹುಳಿನೀರು ನಿಲ್ಲದವರಿಗೆ ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿಯುವ ವಿಧಾನವಿದೆ. ಅದಕ್ಕೆ ಮುಂಚೆ ಅನ್ನನಾಳದ ಚಲನೆಯ ಒತ್ತಡ ಅಳೆಯುವುದು ಕಡ್ಡಾಯ.

ಕೊಪ್ಪದ ಮೇಷ್ಟರು

ಮಂಚದ ತಲೆಭಾಗ ಎತ್ತರಿಸುವುದು ನಿಜಕ್ಕೂ ಉಪಯೋಗವೇ?

ನಿವೃತ್ತ ಶುಶ್ರೂಷಕಿ, ಸಾಗರ

ಉಪಯೋಗ. ಆದರೆ ಎರಡು ದಿಂಬು ಇಟ್ಟರೆ ಕುತ್ತಿಗೆ ಮಾತ್ರ ಬಾಗುತ್ತದೆ, ಹೊಟ್ಟೆ ಇನ್ನಷ್ಟು ಮಡಚುತ್ತದೆ. ತಲೆಯ ಕಡೆಯ ಕಾಲುಗಳ ಕೆಳಗೆ ಅಲುಗಾಡದ ಮರದ ತುಂಡು ಇಟ್ಟು 15ರಿಂದ 20 ಸೆಂಟಿಮೀಟರ್ ಏರಿಸಿ. ಎಡಮಗ್ಗುಲಲ್ಲಿ ಮಲಗಿದರೆ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ, ಆಮ್ಲ ಬೇಗ ಇಳಿಯುತ್ತದೆ. ಊಟಕ್ಕೂ ಹಾಸಿಗೆಗೂ ಎರಡು ಮೂರು ಗಂಟೆ ಅಂತರ. ಸುಲಿಯುವ ಕಾಲದಲ್ಲಿ ಅಮ್ಮನಿಗೆ ಏಳು ಗಂಟೆಗೇ ಊಟ ಬಡಿಸಿ. ಕೆಲಸದ ನಂತರ ಹಸಿವಾದರೆ ಸ್ವಲ್ಪ ಗಂಜಿ ಸಾಕು. ತೂಕ ಹೆಚ್ಚಿದ್ದರೆ ಇಳಿಸುವುದು ಇವೆಲ್ಲಕ್ಕಿಂತ ಮಿಗಿಲು. ಆಹಾರದ ಉದ್ದನೆಯ ನಿಷೇಧಪಟ್ಟಿ ಮಾಡಿ ಯಾರನ್ನೂ ಕಾಡಬೇಡಿ. ಅಪ್ಪೆಹುಳಿ ಒಬ್ಬರಿಗೆ ಉರಿ, ಇನ್ನೊಬ್ಬರಿಗೆ ಏನೂ ಇಲ್ಲ. ಯಾವುದು ಯಾರಿಗೆ ಆಗದೋ ಅದನ್ನಷ್ಟೇ ಬಿಡಲಿ.

ಹೊಸನಗರದ ಮಗಳು

ಕಬ್ಬಿಣದ ಮಾತ್ರೆಯನ್ನು ಪ್ಯಾಂಟೊಪ್ರಜೋಲ್ ಜೊತೆಗೇ ಬೆಳಿಗ್ಗೆ ಕೊಡಬಹುದೇ?

ಔಷಧ ಅಂಗಡಿ, ತೀರ್ಥಹಳ್ಳಿ

ಬೇರೆ ಹೊತ್ತಿಗೆ ಕೊಡಿ. ಆಮ್ಲ ಕಡಿಮೆಯಾದಾಗ ಕಬ್ಬಿಣ ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ, ಆದ್ದರಿಂದ ಹಿಮೋಗ್ಲೋಬಿನ್ ಏರುತ್ತಿದೆಯೇ ಎಂದು ಒಂದು ತಿಂಗಳ ನಂತರ ನೋಡಿಸಿ. ಏರದಿದ್ದರೆ ಚುಚ್ಚುಮದ್ದಿನ ರೂಪದಲ್ಲಿ ಕೊಡುವುದುಂಟು. ಕಾಫಿ, ಚಹಾದ ಹಿಂದೆಮುಂದೆ ಒಂದು ಗಂಟೆ ಕಬ್ಬಿಣದ ಮಾತ್ರೆ ಬೇಡ. ಆಲ್ಜಿನೇಟ್ ದ್ರವವೂ ಅದರ ಜೊತೆ ಬೇಡ. ಈ ಮಾತ್ರೆಯಿಂದ ಮಲ ಕಪ್ಪು-ಹಸಿರಾಗುತ್ತದೆ, ಗಾಬರಿಯಾಗಬೇಡಿ. ಆದರೆ ಡಾಂಬರಿನ ಬಣ್ಣಕ್ಕೆ ತಿರುಗಿ ಅಂಟಾಗಿ, ವಿಪರೀತ ದುರ್ವಾಸನೆ ಬಂದರೆ, ಅಥವಾ ಎದ್ದು ನಿಂತಾಗ ತಲೆಸುತ್ತು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.